ಹಿಮ್ಮೇಳದವನ ಲೆಕ್ಕ

ಹುಕ್ಕೇರಿ ತಾಲೂಕಿನಲ್ಲಿ ಕರೆಂಟು ಹೋದರೆ ಹೆಸ್ಕಾಂಗೆ ಬೈಯುವ ಹಾಗಿಲ್ಲ. ಇಲ್ಲಿ ಕಂಬ, ತಂತಿ, ಬಿಲ್ಲು ಎಲ್ಲವೂ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಅಮೆರಿಕದ ಹಳ್ಳಿಗಾಡಿನ ವಿದ್ಯುತ್ ಸಹಕಾರ ಸಂಘಗಳ ಮಾದರಿಯನ್ನು ಮುಂದಿಟ್ಟುಕೊಂಡು 1969ರ ಹೊತ್ತಿಗೆ ದೇಶದಲ್ಲಿ ಪ್ರಯೋಗಕ್ಕೆಂದು ಐದು ಸಂಘಗಳನ್ನು ಕಟ್ಟಿದರು. ಸಿರಿಸಿಲ್ಲ, ಕೊಡಿನಾರ, ಮುಳಾ-ಪ್ರವರಾ, ಲಖನೌ ಜೊತೆಗೆ ಐದನೆಯದು ನಮ್ಮದು. ಅದೇ 1969ರಲ್ಲಿ ಮುಂಬೈಯಲ್ಲಿ ಇನ್ನೊಂದು ಸಂಸ್ಥೆಯೂ ಹುಟ್ಟಿತು, ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. ಹಾಡು ಬರೆದವರಿಗೂ ರಾಗ ಕಟ್ಟಿದವರಿಗೂ ರಾಯಲ್ಟಿ ವಸೂಲು ಮಾಡಿಕೊಡುವುದು ಅದರ ಕೆಲಸ. ಮೊದಲನೆಯ ಸಂಘದ ತಂತಿ ನಮ್ಮ ಹೊಲದ ಪಂಪಿನವರೆಗೆ ಬೇಗ ಬಂತು. ಎರಡನೆಯದರ ಹೆಸರನ್ನು ನನ್ನ ಜೊತೆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ.

ನನ್ನ ಕಸುಬು ಟ್ರ್ಯಾಕ್ ಮಾಡುವುದು. ಹಾಡುವ ಹುಡುಗರು ಮೊಬೈಲಿನಲ್ಲಿ ಗುನುಗಿ ವಾಟ್ಸ್ಆಪ್ ಮಾಡುತ್ತಾರೆ. ಅದಕ್ಕೆ ನಾನು ಹಲಗಿ, ಡೊಳ್ಳು, ಸಂಬಾಳ, ಬೇಸು, ನಡುನಡುವೆ ಸನಾದಿಯ ತುಂಡು ಕೂಡಿಸಿ ಸಂಗೀತ ಕಟ್ಟಿ ಕಳಿಸುತ್ತೇನೆ. ಯಾವ ಕಂಪನಿಯ ನೌಕರಿಯೂ ಅಲ್ಲ. ಮೂಡಲಗಿ ಕಡೆಯ ಡ್ರೈವರ್ ಹುಡುಗ, ಗೋಕಾಕದ ಮಿಲ್ಲಿನ ಕೆಲಸದವನ ಮಗ, ಸಂಕೇಶ್ವರದ ಡಿಜೆ ಮಾಲೀಕ, ಗ್ರಾಮ ಪಂಚಾಯಿತಿಗೆ ನಿಂತ ಉಮೇದುವಾರ ಎಲ್ಲರೂ ಗಿರಾಕಿಗಳೇ. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಧಂದೆ ಎಂದು ನಮ್ಮ ಮನೆಯವರೂ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಾಡು ಒಬ್ಬನದು, ಬಡಿತ ಇನ್ನೊಬ್ಬನದು, ಹೇಳಿದವರಿಗೆ ಹೇಳಿದಂತೆ ಬಾರಿಸಿಕೊಟ್ಟು ಕೊಟ್ಟದ್ದು ಇಸಿದುಕೊಂಡು ಹೋಗುವುದು. ಈ ಏರ್ಪಾಡು ಘಟಪ್ರಭಾ ದಂಡೆಯಲ್ಲಿ ಬಹಳ ಹಳೆಯದು. ಬದಲಾದದ್ದು ಸಾಮಾನು, ಮತ್ತೆ ಕೂಲಿ ಕೊಡುವ ರೀತಿ.

ಮೊದಲು ಹಲಗಿಯ ಮಾತು ಹೇಳಬೇಕು. ಹಲಗಿ ಬಾರಿಸುವ ಮುಂಚೆ ಕಾಸಬೇಕು. ಸುಗ್ಗಿಯಲ್ಲಾದರೆ ಕಬ್ಬಿನ ರವದಿಗೆ ಉರಿ ಹಚ್ಚಿ, ಚರ್ಮದ ಮುಖವನ್ನು ಅದರ ಮೇಲೆ ತಿರುವುತ್ತಾ, ಬೆರಳಿನಿಂದ ಟಕ್ಕನೆ ಬಡಿದು ನೋಡುತ್ತಾರೆ. ಹಸಿ ಇದ್ದಾಗ ‘ದಪ್’ ಅನ್ನುವುದು ಕಾಯುತ್ತಾ ಬಂದಂತೆ ‘ಟಣ್’ ಅನ್ನುತ್ತದೆ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆಯ ಸಿಬರು. ದಪ್ಪ ಕೋಲು ಹೆಜ್ಜೆ ಹೇಳುತ್ತದೆ, ಸಿಬರು ಆ ಹೆಜ್ಜೆಗಳ ನಡುವಿನ ಜಾಗವನ್ನು ತುಂಬುತ್ತದೆ. ಮದುವೆಗೆ ಒಂದು ಬಡಿತ, ಜಾತ್ರೆಗೆ ಒಂದು, ಹೆಣ ಹೊರಡುವಾಗ ಇನ್ನೊಂದು. ದೂರದ ಹೊಲದಲ್ಲಿ ನಿಂತವನಿಗೂ ಊರಲ್ಲಿ ಏನಾಗಿದೆ ಎಂದು ಬಡಿತದಿಂದಲೇ ಗೊತ್ತಾಗುತ್ತಿತ್ತು.

ಬಾರಿಸುವವನಿಗೆ ಸಿಗುತ್ತಿದ್ದದ್ದು ಆಯ. ಕಣದಲ್ಲಿ ರಾಶಿ ಮಾಡಿದಾಗ ಬಡಿಗ, ಕಂಬಾರ, ಕುಂಬಾರರಿಗೆ ಕೊಟ್ಟ ಮೇಲೆ ಉಳಿದದ್ದರಲ್ಲಿ ಒಂದಿಷ್ಟು ಜೋಳ. ಅದನ್ನು ಕೂಲಿ ಎಂದು ಕರೆಯುವುದಕ್ಕೆ ನನಗೆ ಮನಸ್ಸಿಲ್ಲ, ಏಕೆಂದರೆ ಬಾರಿಸುವುದಿಲ್ಲ ಎನ್ನುವ ಹಕ್ಕು ಅವನಿಗಿರಲಿಲ್ಲ. ಹಲಗಿ ಹಿಡಿದವರು ದಲಿತ ಕೇರಿಯವರು, ಸಾರುವುದೂ ಸಾವಿನ ಮುಂದೆ ಬಾರಿಸುವುದೂ ಅವರ ಮೇಲೆ ಹೊರಿಸಿದ ಚಾಕರಿ. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತು ನಡೆಸಿದರು. ನಿಪ್ಪಾಣಿ ನಮಗೆ ದೂರದ ಊರಲ್ಲ, ಸಂಕೇಶ್ವರ ದಾಟಿದರೆ ಅದೇ ಪುಣೆ ರಸ್ತೆ. ಆ ಮೇಲೆ ಹಲಗಿ ಕೆಳಗಿಟ್ಟ ಮನೆತನಗಳು ಈ ಗಡಿಸೀಮೆಯಲ್ಲಿ ಬೇಕಾದಷ್ಟಿವೆ. 1961ರಲ್ಲಿ ಮೈಸೂರು ಸರಕಾರ ಊರ ಚಾಕರಿಯ ವತನಗಳನ್ನು ಕಾಯ್ದೆ ಮಾಡಿ ತೆಗೆದು ಹಾಕಿತು. ಇವತ್ತು ನಾನು ಕಂಪ್ಯೂಟರಿನಲ್ಲಿ ‘ಹಲಗಿ’ ಎಂಬ ಫೋಲ್ಡರ್ ತೆರೆದು ಮೌಸಿನಿಂದ ಒತ್ತಿದಾಗ ಕೇಳುವ ದನಿ ಆ ಮನೆಗಳ ಹಿರಿಯರು ಬೇಡವೆಂದು ಬಿಟ್ಟ ದನಿ. ಅದನ್ನು ಮಾರಿ ಉಣ್ಣುವವನಿಗೆ ಇಷ್ಟಾದರೂ ಗೊತ್ತಿರಬೇಕು. ಹೊಸ ತಲೆಮಾರಿನ ಹುಡುಗರು ಕೆಲವರು ಅದೇ ಹಲಗಿಯನ್ನು ತಾವಾಗಿಯೇ ಎತ್ತಿಕೊಂಡು, ತಾವೇ ದರ ಹೇಳಿ, ಮೇಳ ಕಟ್ಟಿದ್ದಾರೆ. ಅವರು ಜೋಳ ಇಸಿದುಕೊಳ್ಳುವುದಿಲ್ಲ, ಮುಂಗಡ ಹಾಕದಿದ್ದರೆ ಬರುವುದೂ ಇಲ್ಲ.

ಕರಡಿ ಮಜಲಿನ ದಾರಿ ಸ್ವಲ್ಪ ಬೇರೆ. ಕರಡಿ ಎಂಬ ಚರ್ಮವಾದ್ಯ, ಸನಾದಿ, ತಾಳ ಹಿಡಿದು ಪಲ್ಲಕ್ಕಿ ಮುಂದೆ ನಡೆಯುವವರಿಗೆ ಮೊದಲೇ ವೀಳ್ಯ ಕೊಟ್ಟು ಗೊತ್ತು ಮಾಡಬೇಕಿತ್ತು. ಊಟ, ಹೋಗಿ ಬರುವ ಖರ್ಚು, ಮೇಲಿಷ್ಟು ಕಾಣಿಕೆ, ಒಳ್ಳೆಯ ಸನಾದಿಯವನಿದ್ದರೆ ಕಿಸೆಗೆ ನೋಟು ಸಿಕ್ಕಿಸುವ ಗೌಡರು. ಗೌರವವೂ ಇತ್ತು, ಬಾರಿಸಿದವನನ್ನು ಜನ ಕಣ್ಣಿಂದ ನೋಡುತ್ತಿದ್ದರು.

ನನ್ನ ಕಸುಬಿನ ನಿಜವಾದ ಮೂಲಪುರುಷ ಮಾತ್ರ ಪೇಟಿ ಮಾಸ್ತರ, ಎಂದರೆ ಹಾರ್ಮೋನಿಯಂ ನುಡಿಸುವವನು. ಅವನನ್ನು ಬಿಟ್ಟು ಈ ಸೀಮೆಯ ಸಂಗೀತದ ಕತೆ ಹೇಳುವುದು ಆಗದ ಮಾತು.

ನಮ್ಮ ಕಡೆ ಆಟಕ್ಕೆ ಹೆಸರಾದದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದ ಕತೆಯನ್ನು ರಂಗಕ್ಕೆ ತಂದು ಆಡಿಸಿದವನು ಕುಲಗೋಡ ತಮ್ಮಣ್ಣ. ಆ ಕುಲಗೋಡ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿಗೆ ಸೇರಿದೆ. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ, ಗಂಡಸರೇ ಹೆಣ್ಣುವೇಷ ಕಟ್ಟುವ ಕಾಲದಲ್ಲಿ, ಪಾರಿಜಾತಕ್ಕೆ ಬಂದು ತನ್ನದೇ ಮೇಳ ಕಟ್ಟಿ ನಡೆಸಿದಳು. ಪೇಟಿ, ತಬಲಾ, ತಾಳ ಇಷ್ಟೇ ಹಿಮ್ಮೇಳ. ಇರುಳೆಲ್ಲ ಆಟ ನಡೆದರೆ ಇರುಳೆಲ್ಲ ಆ ಮೂವರು ಕೂತಲ್ಲಿಂದ ಏಳುವಂತಿಲ್ಲ. ಸತ್ಯಭಾಮೆ ಒಳಗೆ ಹೋಗಿ ಚಹಾ ಕುಡಿದು ಬಂದರೂ ಪೇಟಿಯವನ ಕೈ ಗಾಳಿ ಹಾಕುತ್ತಲೇ ಇರಬೇಕು.

ಆಮೇಲೆ ಹಳ್ಳಿಹಳ್ಳಿಗೆ ಹವ್ಯಾಸಿ ನಾಟಕದ ಹುಚ್ಚು ಹತ್ತಿತು. ಜಾತ್ರೆಗೆ ನಾಟಕ ಆಡಬೇಕೆಂದು ಊರ ಹುಡುಗರು ಪಟ್ಟಿ ಎತ್ತಿದರೆಂದರೆ ಮೊದಲ ಕೆಲಸ ಮಾಸ್ತರನನ್ನು ಕರೆತರುವುದು. ಅವನು ಪೇಟಿ ಹೊತ್ತುಕೊಂಡು ಬಂದು ಊರಲ್ಲೇ ಉಳಿಯುತ್ತಿದ್ದ. ದಿನಕ್ಕೊಂದು ಮನೆಯಲ್ಲಿ ಊಟ, ಗುಡಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ರಾತ್ರಿ ತಾಲೀಮು. ನಾಟಕದ ಪುಸ್ತಕದಲ್ಲಿ ಹಾಡು ಅಚ್ಚಾಗಿರುತ್ತಿತ್ತು, ರಾಗ ಇರುತ್ತಿರಲಿಲ್ಲ. ಹೆಚ್ಚೆಂದರೆ ಮೇಲೆ ಯಾವುದೋ ಹಿಂದಿ ಸಿನಿಮಾ ಹಾಡಿನ ಹೆಸರು ಬರೆದು ‘ಈ ಧಾಟಿ’ ಎಂದಿರುತ್ತಿತ್ತು. ಕೂಗಿದರೆ ಮೂರು ಓಣಿಗೆ ಕೇಳುವ ಕಂಠದ ಗೌಡರ ಮಗನಿಗೆ ಆ ಧಾಟಿ ಹತ್ತುತ್ತಿರಲಿಲ್ಲ. ಆಗ ಮಾಸ್ತರ ಅವನ ಕಂಠಕ್ಕೆ ತಕ್ಕ ಹಾಗೆ ಸ್ವರ ಇಳಿಸಿ, ಡೊಳ್ಳಿನ ಪದದ ಒಂದು ನಡೆ ಸೇರಿಸಿ, ಅವನದೇ ಎನ್ನುವಂಥ ಹಾಡು ಮಾಡಿಕೊಡುತ್ತಿದ್ದ. ನಾಟಕ ಮುಗಿದ ಮರುದಿನ ಪಗಾರ, ಒಂದು ಪಂಚೆ, ತೆಂಗಿನಕಾಯಿ. ಆ ರಾಗ ಗೌಡರ ಮಗನ ಹೆಸರಲ್ಲೇ ಊರಲ್ಲಿ ಉಳಿಯುತ್ತಿತ್ತು. ಮಾಸ್ತರ ಮುಂದಿನ ಊರಿಗೆ ಹೋಗಿ ಅದೇ ರಾಗವನ್ನು ತುಸು ತಿರುವಿ ಇನ್ನೊಬ್ಬನ ಬಾಯಲ್ಲಿಡುತ್ತಿದ್ದ. ಅದನ್ನು ಯಾರೂ ಕಳವು ಎನ್ನಲಿಲ್ಲ. ನಾನಂತೂ ಅನ್ನಲಾರೆ, ಇವತ್ತು ನಾನು ಮಾಡುತ್ತಿರುವುದೂ ಅದನ್ನೇ.

ಈ ನೆಲದ ಧಾಟಿಗಳಿಗೆ ಊರಾಚೆ ಹೆಸರು ಬಂದದ್ದೂ ಉಂಟು. ಹೆಸರಿನಲ್ಲಿ ಹುಕ್ಕೇರಿ ಇದ್ದರೂ ಮುರಗೋಡದಲ್ಲಿ 1911ರಲ್ಲಿ ಹುಟ್ಟಿದ ಬಾಳಪ್ಪ ಹುಕ್ಕೇರಿಯವರನ್ನು ನಾಡು ಸಾವಿರ ಹಾಡುಗಳ ಸರದಾರ ಎಂದು ಕರೆಯಿತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ರೇಡಿಯೋ ಇದ್ದ ಮನೆಗಳಿಗೂ ಜಾನಪದದ ದನಿ ಹೊಕ್ಕಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ ಸಿನಿಮಾಕ್ಕೆ ತಾವೇ ಹಾಡು ಬರೆದು ತಾವೇ ಸಂಗೀತ ಕೊಟ್ಟರು, ಆ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬರೆದು ಧಾಟಿ ಹಾಕಿದವರು, ಹಾಡಿದವರು ಇಬ್ಬರ ಹೆಸರೂ ಉಳಿದ ಉದಾಹರಣೆ ಇದು. ಆ ರೆಕಾರ್ಡಿಂಗಿನಲ್ಲಿ ತಾಳ ಹಿಡಿದವರ ಹೆಸರು ಹೇಳಿ ಎಂದರೆ ನನಗೆ ಬಾರದು. ಕಸುಬಿನವನಾದ ನನಗೇ ಬಾರದ ಮೇಲೆ ಬೇರೆಯವರನ್ನು ಏನೆಂದು ಕೇಳಲಿ?

ಕರೆಂಟು ಬಂದ ಮೇಲೆ ಹಾರ್ನು ಬಂತು, ಟೇಪ್ ರೆಕಾರ್ಡರ್ ಬಂತು. ಕ್ಯಾಸೆಟ್ಟಿನ ಕಾಲವನ್ನು ನಾನು ಬೇಗ ದಾಟಿಬಿಡುತ್ತೇನೆ. ಅದರಲ್ಲಿ ಹಣ ಮಾಡಿದವರು ಅಂಗಡಿಯವರು.

ಗಡಿಯಾಚೆಯ ಕೊಲ್ಲಾಪುರ, ಸಾಂಗಲಿ ಕಡೆಯಿಂದ ಬಂದ ಬೆಂಜೋ ಪಾರ್ಟಿಯ ಕತೆ ಹೆಚ್ಚು ಮಜಾ. ಬೆಂಜೋ ಎಂದು ನಾವು ಕರೆಯುವ ವಾದ್ಯ ಬುಲ್‌ಬುಲ್ ತರಂಗ್. ತಂತಿಗಳ ಮೇಲೆ ಟೈಪ್‌ರೈಟರ್ ಗುಂಡಿಗಳಂಥವನ್ನು ಜೋಡಿಸಿದ ಪೆಟ್ಟಿಗೆ. ಅದರ ಹುಟ್ಟೂರು ಜಪಾನಿನ ನಗೋಯಾ, 1912ರ ಸುಮಾರಿಗೆ ‘ತೈಶೋಗೋತೋ’ ಎಂಬ ಹೆಸರಲ್ಲಿ. ನಮ್ಮವರು ಅದಕ್ಕೆ ಪಿಕಪ್ ಹಚ್ಚಿ, ಆಂಪ್ಲಿಫೈಯರಿಗೆ ಸಿಕ್ಕಿಸಿ, ಗಾಡಿ ಮೇಲೆ ಕೂರಿಸಿ, ವರನ ಮುಂದೆ ಸನಾದಿಯ ಜಾಗದಲ್ಲಿ ನಡೆಸಿದರು. 1980ರ ಸುಮಾರಿಗೆ ಅದೇ ಜಪಾನಿನಿಂದ ಕ್ಯಾಸಿಯೋ ಕೀಬೋರ್ಡೂ ಬಂತು, ರೋಲಂಡ್ ಕಂಪನಿಯ ಟಿಆರ್-808 ಎಂಬ ತಾಳಯಂತ್ರವೂ ಬಂತು. ಆ 808ನ್ನು ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ ತಂದು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬಡಿತಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದ. ಆಗ ಯಾರೂ ಕೇಳಲಿಲ್ಲ, 2010ರಲ್ಲಿ ಮತ್ತೆ ಅಚ್ಚಾದಾಗ ಜಗತ್ತೇ ಬೆರಗಾಯಿತು. ಹಿಂದೆ ಕೂತು ಬಾರಿಸುವವನ ಹೆಸರು ಹೊರಗೆ ಬರಲು ಅಷ್ಟು ವರ್ಷ ಬೇಕಾಯಿತು.

ನಮ್ಮ ಹಳ್ಳಿಗಳಲ್ಲಿ ಪೇಟಿ ಮಾಸ್ತರ ಕ್ಯಾಸಿಯೋ ಮಾಸ್ತರನಾದ. ತಬಲಾದ ಜಾಗಕ್ಕೆ ಪ್ಯಾಡು ಬಂತು, ಎಂಟು ರಬ್ಬರ್ ಮುಖಗಳ ಎಸ್‌ಪಿಡಿ-20. ನಾನು ಈ ಕಸುಬಿಗೆ ಹೊಕ್ಕದ್ದು ಇಲ್ಲಿಂದ, ಬೆಂಜೋ ಪಾರ್ಟಿಯ ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಪ್ಯಾಡು ಬಡಿಯುವವನಾಗಿ. ಟ್ರೇಲಿ ಕುಲುಕುವಾಗ ಕೋಲು ಪಕ್ಕದ ಮುಖಕ್ಕೆ ಬಿದ್ದು ಡೊಳ್ಳು ಬರಬೇಕಾದಲ್ಲಿ ಗಾಜು ಒಡೆದ ಸದ್ದು ಬರುತ್ತಿತ್ತು, ಕುಣಿಯುವವರು ಅದಕ್ಕೂ ಸೀಟಿ ಹೊಡೆಯುತ್ತಿದ್ದರು. ಆ ಮೇಲೆ ಡಾಲ್ಬಿ ಬಂತು. ಈ ಸೀಮೆಯಲ್ಲಿ ಗೋಡೆಯ ಹಾಗೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳಿಗೆಲ್ಲ ಡಾಲ್ಬಿ ಎಂದೇ ಹೆಸರು. ಪೆಟ್ಟಿಗೆ ಇದ್ದ ಮೇಲೆ ಟ್ರೇಲಿಯಲ್ಲಿ ಮನುಷ್ಯರು ಯಾಕೆ? ಒಂದು ಪೆನ್‌ಡ್ರೈವ್ ಸಾಕು. ಪಾರ್ಟಿಗಳು ಒಂದೊಂದಾಗಿ ಮುರಿದವು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಚ್ಚುವ ಹಾಗಿಲ್ಲ, ಜನವಸತಿಯಲ್ಲಿ ಹಗಲಿಗೂ 55 ಡೆಸಿಬೆಲ್ ಮಿತಿ. ಗಣಪತಿ ಹಬ್ಬ ಬಂದಾಗಲೆಲ್ಲ ಈ ನಿಯಮದ ಮೇಲೆ ಪೊಲೀಸರಿಗೂ ಮಂಡಳಿಯವರಿಗೂ ಜಗ್ಗಾಟ. ನಾನು ಈ ವಿಷಯದಲ್ಲಿ ಪೊಲೀಸರ ಕಡೆ. ನನ್ನ ಅನ್ನ ಅದರಿಂದಲೇ ನಡೆದರೂ ಹಸುಗೂಸಿನ ಮನೆಯ ಮುಂದೆ ಆ ಗೋಡೆಯನ್ನು ನಿಲ್ಲಿಸಬಾರದು.

ಕಂಪ್ಯೂಟರ್ ನನ್ನ ಕೈಗೆ ಬಂದದ್ದು ಪಾರ್ಟಿ ಮುರಿದ ಮೇಲೆ. ಬೆಲ್ಜಿಯಂನವರು 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಲ್ಲಿ ಶುರು ಮಾಡಿ ಮುಂದೆ ಎಫ್‌ಎಲ್ ಸ್ಟುಡಿಯೋ ಎಂದು ಹೆಸರು ಬದಲಿಸಿದ ಸಾಫ್ಟ್‌ವೇರು ನಮ್ಮ ಕಡೆ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂತು. ಅದನ್ನು ತೆರೆದರೆ ಪರದೆಯ ಮೇಲೆ ಚೌಕ ಚೌಕ ಮನೆಗಳು, ಒಂದು ಬಡಿತಕ್ಕೆ ನಾಲ್ಕು. ಹಲಗಿಯ ಸಿಬರು ನಾಲ್ಕಕ್ಕೆ ಒಗ್ಗುವುದಿಲ್ಲ, ನಮ್ಮ ಜಾತ್ರೆಯ ನಡೆ ಒಂದು ಬಡಿತವನ್ನು ಮೂರಾಗಿ ಒಡೆಯುತ್ತದೆ. ನಾಲ್ಕರ ಮನೆಗಳಲ್ಲಿ ಕೂರಿಸಿದ ಹಲಗಿ ಕವಾಯತು ಮಾಡಿದ ಹಾಗೆ ಕೇಳುತ್ತದೆ. ಮೊದಲು ಮನೆಗಳನ್ನು ಮೂರಕ್ಕೆ ತಿರುಗಿಸಬೇಕು, ಆಮೇಲೆ ಸಿಬರಿನ ಪೆಟ್ಟುಗಳನ್ನು ಒಂದೊಂದಾಗಿ ಹಿಡಿದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು, ಪ್ರತಿ ಪೆಟ್ಟಿನ ಜೋರನ್ನು ಹೆಚ್ಚುಕಡಿಮೆ ಮಾಡಬೇಕು. ಉರಿ ಕಾಸಿ ಬಾರಿಸುವವನ ಕೈ ತಾನಾಗಿ ಮಾಡುತ್ತಿದ್ದದ್ದನ್ನು ಹೀಗೆ ಮೌಸಿನಿಂದ ಹೆಕ್ಕಿ ಹೆಕ್ಕಿ ಇಡುವಾಗ ರಾತ್ರಿ ಕಳೆಯುತ್ತದೆ.

ಸಂಬಾಳ ಇನ್ನೂ ಕಷ್ಟ. ಗೋಂದಲಿಗರು ದೇವಿಯ ಗೋಂದಲಕ್ಕೆ ಸೊಂಟಕ್ಕೆ ಕಟ್ಟಿ ಬಾರಿಸುವ ಜೋಡಿ ವಾದ್ಯ ಅದು. ಒಂದು ಮುಖ ಕಿರ್ ಎಂದು ಚುರುಕು. ಇನ್ನೊಂದನ್ನು ತುದಿ ಬಾಗಿದ ಕೋಲಿನಿಂದ ಒತ್ತಿ ಉಜ್ಜುತ್ತಾರೆ, ಆಗ ತಗ್ಗಿನ ದನಿ ‘ಗುಂಯ್’ ಎಂದು ಕೆಳಗಿನಿಂದ ಮೇಲಕ್ಕೇರುತ್ತದೆ. ಆ ಏರಿಕೆಯನ್ನು ನಾನು 808ರ ಬೇಸಿನಲ್ಲಿ ತರುತ್ತೇನೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿ, ಮೇಲೆ ನಿಜವಾದ ಸಂಬಾಳದ ತೆಳು ಪದರ ಇಟ್ಟು. ಮುಂಬೈ, ಪುಣೆಯ ಸ್ಟುಡಿಯೋದವರು ಮಾಡಿದ ಟ್ರ್ಯಾಕು ನಮ್ಮ ಜಾತ್ರೆಯಲ್ಲಿ ಕುಣಿಸದಿರುವುದಕ್ಕೆ ಕಾರಣ ಆ ಜಾರಿಕೆ ಸಿಕ್ಕದಿರುವುದು ಎಂದೇ ನನ್ನ ನಂಬಿಕೆ.

ಟ್ರ್ಯಾಕ್ ಪಾಸಾಗುವುದು ಸ್ಟುಡಿಯೋದಲ್ಲಲ್ಲ. ಕಬ್ಬಿನ ಹಂಗಾಮಿನಲ್ಲಿ ಫ್ಯಾಕ್ಟರಿಯ ಮುಂದೆ ಪಾಳಿ ಹಚ್ಚಿ ನಿಂತ ಟ್ರ್ಯಾಕ್ಟರುಗಳಲ್ಲಿ. ನಮ್ಮ ಹಾಡುಗಳನ್ನು ಹೆಚ್ಚು ಕೇಳುವವರು, ಬರೆಯುವವರು, ಹಾಡುವವರು ಎಲ್ಲ ಡ್ರೈವರುಗಳೇ. ಮೂಡಲಗಿ ಕಡೆಯ ಒಬ್ಬ ಹುಡುಗ ಫೋನಿನಲ್ಲಿ ಹೇಳಿದ ಮಾತು: “ಅಣ್ಣಾರ, ಬೇಸ ಹೆಂಗಿರಬೇಕಂದ್ರ ಖಾಲಿ ಟ್ರೇಲಿ ಗದಗದ ನಡಗಬೇಕ ನೋಡ್ರಿ. ಆದ್ರ ನನ್ನ ದನಿ ಮುಚ್ಚಬಾರದ.” ಎರಡೂ ಒಟ್ಟಿಗೆ ಆಗುವುದು ಸುಲಭವಲ್ಲ. ಇಂಜಿನ್ನಿನ ಗದ್ದಲ ತಗ್ಗಿನ ದನಿಯನ್ನೆಲ್ಲ ನುಂಗುತ್ತದೆ. ಹಾಗಾಗಿ ಹಲಗಿಯ ‘ಟಣ್’ ಮತ್ತು ಹಾಡುವವನ ಕಂಠ ಎರಡಕ್ಕೂ ನಡುದನಿಯಲ್ಲಿ ಜಾಗ ಬಿಟ್ಟು, ಅವನು ಹಾಡುವಾಗ ಸನಾದಿಯನ್ನು ಸುಮ್ಮನಿರಿಸಬೇಕು. ನಾಟಕದಲ್ಲಿ ನಟ ಬಾಯಿ ತೆರೆದ ಕೂಡಲೇ ಪೇಟಿಯ ಗಾಳಿ ಇಳಿಸುವ ಮಾಸ್ತರನ ಜಾಣತನವೂ ಇದೇ ಆಗಿತ್ತು.

2016ರಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ಹಾಡುವವನಿಗೆ ಕ್ಯಾಸೆಟ್ ಕಂಪನಿಯ ಬಾಗಿಲು ಕಾಯುವ ಕೆಲಸ ತಪ್ಪಿತು. ರಾಯಬಾಗ ತಾಲೂಕಿನ ನಿಪನಾಳದ ಹಾಡುಗಾರ ಮಾಳು, ಡ್ರೈವರನ ಮೇಲಿನ ಹಾಡಿನಿಂದ ನಾಡಿಗೆಲ್ಲ ಗೊತ್ತಾಗಿ 2025ರಲ್ಲಿ ಬಿಗ್ ಬಾಸ್ ಮನೆಯವರೆಗೆ ಹೋದ. ಸುತ್ತಲಿನ ಹುಡುಗರಿಗೆಲ್ಲ ಹುರುಪು ಬಂತು, ನನ್ನ ಫೋನಿಗೆ ಬಿಡುವಿಲ್ಲದಾಯಿತು. “ಮಾಳುನ ಹಾಡಿನಂಗ ಮಾಡಿಕೊಡ್ರಿ” ಎಂದು ಕೇಳಿದವರಿಗೆ ನಾನು ಮೊದಲು ಕೇಳುವುದು “ನಿನ್ನ ಡೊಳ್ಳಿನ ಪದ ಯಾವ ಊರಿಂದು?” ಎಂದು. ಆ ಊರಿನ ಮೇಳದವರ ನಡೆ ಸಿಕ್ಕಿತೆಂದರೆ ಬೇರೆ ಏನೂ ನಕಲು ಮಾಡಬೇಕಾಗುವುದಿಲ್ಲ.

ಇನ್ನು ರೊಕ್ಕದ ಮಾತು. ಕಣದ ಜೋಳ, ಕರಡಿಯವನ ವೀಳ್ಯ, ಮಾಸ್ತರನ ಪಗಾರ, ಪಾರ್ಟಿಯ ದಿನಗೂಲಿ ಎಲ್ಲ ದಾಟಿ ನಾವು ಬಂದು ನಿಂತದ್ದು ‘ಒಂದೇ ಸಲದ ಪೇಮೆಂಟ್’ಗೆ. ಟ್ರ್ಯಾಕು ಕೊಟ್ಟೆ, ಫೋನ್‌ಪೇ ಸದ್ದು ಮಾಡಿತು, ಸಂಬಂಧ ಮುಗಿಯಿತು. ಹಾಡು ಹತ್ತು ಲಕ್ಷ ಜನ ನೋಡಿದರೂ ನನಗೆ ಅಷ್ಟೇ, ಹತ್ತು ಜನ ನೋಡಿದರೂ ಅಷ್ಟೇ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿ, ಹಾಡು ಬರೆದವನೂ ಸಂಗೀತ ಕಟ್ಟಿದವನೂ ತಮ್ಮ ರಾಯಲ್ಟಿಯ ಪಾಲನ್ನು ಬರೆದುಕೊಟ್ಟು ಬಿಡುವಂತಿಲ್ಲ ಎನ್ನುತ್ತದೆ. ಕೊಟ್ಟರೆ ವಾರಸುದಾರರಿಗೆ, ಇಲ್ಲವೇ ಕಾಪಿರೈಟ್ ಸೊಸೈಟಿಗೆ. ಒಳ್ಳೆಯ ಕಾಯ್ದೆ. ಆದರೆ ಧಾಟಿ ಊರಿನದು, ಪದ ಡ್ರೈವರ್ ಹುಡುಗನದು, ಹಲಗಿ ಕೇರಿಯದು, ಜಾರಿಸಿದ ಬೇಸು ನನ್ನದು ಆದಾಗ ಸಂಗೀತ ಕಟ್ಟಿದವನು ಯಾರು ಎಂಬುದನ್ನು ಯಾವ ವಕೀಲ ಬಿಡಿಸಬೇಕು? ಒಂದು ಸಲ ನನ್ನ ಟ್ರ್ಯಾಕಿನ ಹಾಡಿನ ಮೇಲೆ ಎಲ್ಲಿಯದೋ ಕಂಪನಿ ಹಕ್ಕು ಸಾಧಿಸಿ ಅದರ ಆದಾಯ ತಡೆಯಿತು. ನೋಡಿದರೆ ನಾನೂ ಅವರೂ ಒಂದೇ ಲೂಪ್ ಪ್ಯಾಕಿನ ಡೊಳ್ಳನ್ನು ಬಳಸಿದ್ದೆವು, ಅವರು ಮೊದಲು ನೋಂದಾಯಿಸಿದ್ದರು. ಆ ಮೇಲೆ ನಾನು ಕೊಂಡ ಡೊಳ್ಳು ಬಳಸುವುದನ್ನೇ ಬಿಟ್ಟೆ. ಹಾಲುಮತದ ಡೊಳ್ಳಿನ ಮೇಳದವರನ್ನು ಕರೆಸಿ, ಅವರು ಹೇಳಿದ ಸಂಭಾವನೆ ಕೊಟ್ಟು, ಒಂದೊಂದೇ ಪೆಟ್ಟು ರೆಕಾರ್ಡ್ ಮಾಡಿಕೊಂಡಿದ್ದೇನೆ. ಮೈಕಿನ ಮುಂದೆ ಒಂದೇ ಪೆಟ್ಟು ಬಾರಿಸಿ ನಿಲ್ಲಿಸುವುದು ಅವರಿಗೆ ಬಲು ತ್ರಾಸು. “ನಿಂದ್ರು ಅಂದ್ರ ಕೈ ನಿಂದ್ರಾಂಗಿಲ್ಲೋ ತಮ್ಮಾ” ಎಂದು ಹಿರಿಯರು ನಕ್ಕು, ಪೂರ್ತಿ ಒಂದು ಸುತ್ತು ಬಾರಿಸಿಯೇ ಬಿಟ್ಟರು. ಅದನ್ನೂ ಇಟ್ಟುಕೊಂಡಿದ್ದೇನೆ.

ಈಗ ನಾನು ಎರಡು ದರ ಹೇಳುತ್ತೇನೆ. ಬರೀ ಟ್ರ್ಯಾಕಿಗೆ ಒಂದು. ಹಾಡಿನ ಕೆಳಗೆ ‘ಸಂಗೀತ’ ಎಂದು ನನ್ನ ಹೆಸರು, ‘ಡೊಳ್ಳು’ ಎಂದು ಮೇಳದ ಊರಿನ ಹೆಸರು ಹಾಕುವುದಾದರೆ ಅದಕ್ಕಿಂತ ಕಡಿಮೆ ಇನ್ನೊಂದು. ಬಹಳ ಹುಡುಗರು ಎರಡನೆಯದನ್ನೇ ಒಪ್ಪುತ್ತಾರೆ, ಹೆಸರು ಹಾಕುವುದಕ್ಕೆ ಅವರಿಗೇನೂ ಖರ್ಚಿಲ್ಲ ನೋಡಿ. ಡಿಜೆ ಮಾಲೀಕರು ಮಾತ್ರ ಹೆಚ್ಚಿನ ದರ ಕೊಟ್ಟು, ಆ ಜಾಗದಲ್ಲಿ ತಮ್ಮ ಫೋನ್ ನಂಬರ್ ಹಾಕಿಸಿಕೊಳ್ಳುತ್ತಾರೆ.